ಎಲ್ಲರ ಪಾಸ್‌ವರ್ಡ್ ಇದ್ದ ನೋಟ್‌ಬುಕ್

ಮೂರನೇ ಕ್ಲಾಸಿಗೆ ಕಂಪ್ಯೂಟರ್ ಹೇಳಿಕೊಡುವ ಟೀಚರಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. "ಜೀವದ ಗೆಳತಿ ಕೇಳಿದ್ರೂ ಪಾಸ್‌ವರ್ಡ್ ಹೇಳ್ಬಾರ್ದು" ಎಂದು ಹನ್ನೊಂದು ವರ್ಷದಿಂದ ಬಾಯಿ ನೋಯುವಷ್ಟು ಹೇಳುತ್ತಾ ಬಂದಿದ್ದರು. ಆದರೆ ಮಕ್ಕಳು ಮರೆತುಬಿಡುತ್ತವೆಂದು ಎಲ್ಲರ ಪಾಸ್‌ವರ್ಡನ್ನೂ ತಾವೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು.

ಈ ವರ್ಷ ಬರೆದುಕೊಳ್ಳುವಾಗ ಮುಂದಿನ ಬೆಂಚಿನ ಹುಡುಗಿ ತುಟಿ ಪಿಟಕ್ಕೆನ್ನಲಿಲ್ಲ. ಗದರಿಸಿದರೆ, "ಯಾರಿಗೂ ಹೇಳ್ಬೇಡಿ ಅಂತ ನೀವೇ ಹೇಳಿದ್ರಲ್ಲ ಮಿಸ್" ಎಂದಳು.

ಟೀಚರಮ್ಮನ ಕೋಪ ನಾಲಿಗೆವರೆಗೂ ಬಂದು ಅಲ್ಲೇ ನಿಂತಿತು. ಅಂದೇ ನೋಟ್‌ಬುಕ್ಕನ್ನು ಚೂರುಚೂರು ಮಾಡಿದರು.

ಈಗ ಪ್ರತಿ ಸೋಮವಾರ ಅರ್ಧ ಪೀರಿಯಡ್ಡು, ಮರೆತವರಿಂದ ಹೊಸ ಪಾಸ್‌ವರ್ಡ್ ಹಾಕಿಸುವುದರಲ್ಲೇ ಕಳೆಯುತ್ತದೆ. "ಆಯ್ತು ಮಿಸ್, ಈಗ ತಿರುಗಿ" ಎಂದು ಮಗು ಹೇಳುವವರೆಗೆ ಟೀಚರಮ್ಮ, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗಿಯಂತೆ, ಗೋಡೆಗೆ ಮುಖಮಾಡಿ ನಿಂತಿರುತ್ತಾರೆ.