ಫೋನ್ ಕಂಪನಿಗೆ ವಿದಾಯ ಹೇಳಿದ ಆರ್ಡಿಸ್

ಆರ್ಡಿಸ್ ಟ್ವೆಟೆನ್ ಯಾರ ಮನೆಯಿಂದಲೂ ಸುಮ್ಮನೆ ಎದ್ದು ಬಂದವಳಲ್ಲ. ಮಿನೆಸೋಟದ ನಮ್ಮ ಕಡೆ ಯಾರೂ ಹಾಗೆ ಬರುವುದಿಲ್ಲ ಬಿಡಿ. ‘ಸರಿ, ಹಾಗಾದ್ರೆ’ ಎಂದು ತೊಡೆ ತಟ್ಟಿಕೊಂಡು ಏಳಬೇಕು, ಬಾಗಿಲಲ್ಲಿ ನಿಂತು ಹಿಮದ ಮಾತಾಡಬೇಕು, ಕಾರಿನ ಕಿಟಕಿ ಇಳಿಸಿಕೊಂಡು ಇನ್ನೊಂದು ಸುತ್ತು ಹರಟಬೇಕು, ಉಳಿದ ಕೇಕನ್ನು ಬೇಡ ಬೇಡ ಎನ್ನುತ್ತಲೇ ಕಟ್ಟಿಸಿಕೊಳ್ಳಬೇಕು. ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದ ಆರ್ಡಿಸ್ ಇದರಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ಕೊನೆಗೆ ಅದೇ ಅವಳ ಕುತ್ತಿಗೆಗೆ ಬಂತು.

ಅವಳಿಗಿದ್ದವನು ಒಬ್ಬನೇ ತಮ್ಮ, ವೆಂಡೆಲ್. ಕಾಲಿಗೆ ಚಕ್ರ ಕಟ್ಟಿಕೊಂಡವನು. ಬೀಟ್ ಗಡ್ಡೆಯ ಕೊಯ್ಲಿಗೆ ಒಂದು ಕಡೆ, ಹೆದ್ದಾರಿ ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಇನ್ನೊಂದು ಕಡೆ. ಫೋನು ಕೊಡಿಸಿದರೆ ವಾರದೊಳಗೆ ಕಳೆದುಕೊಳ್ಳುತ್ತಿದ್ದ, ವಿಳಾಸ ಬರೆದುಕೊಟ್ಟರೆ ಆ ಚೀಟಿ ಅಂಗಿಯ ಜೊತೆ ಒಗೆದುಹೋಗುತ್ತಿತ್ತು. ಆದರೂ ಅಪರಿಚಿತರ ಫೋನು ಕೇಳಿ ಪಡೆದು ಆಗೀಗ ಅಕ್ಕನಿಗೆ ಕರೆ ಮಾಡುವುದನ್ನು ಮಾತ್ರ ತಪ್ಪಿಸಿರಲಿಲ್ಲ. ಅವನ ತಲೆಯಲ್ಲಿ ಉಳಿದಿದ್ದದ್ದು ಒಂದೇ ನಂಬರು. ಚಿಕ್ಕಂದಿನಲ್ಲಿ, ಎಲ್ಲಾದರೂ ತಪ್ಪಿಸಿಕೊಂಡರೆ ಹೇಳಲಿ ಎಂದು, ಅಮ್ಮ ಪಾತ್ರೆ ಒರೆಸುತ್ತಾ ರಾಗವಾಗಿ ಬಾಯಿಪಾಠ ಮಾಡಿಸಿದ್ದ ಮನೆಯ ನಂಬರು. ಅಮ್ಮ ತೀರಿಕೊಂಡು ತೋಟದ ಮನೆ ಮಾರಿದಾಗ ಆರ್ಡಿಸ್ ಗೋಡೆಯ ಫೋನನ್ನು ಬಿಟ್ಟುಬಂದಳು. ನಂಬರನ್ನು ಮಾತ್ರ ತನ್ನ ಮೊಬೈಲಿಗೆ ಹಾಕಿಸಿಕೊಂಡಳು. ವೆಂಡೆಲನಿಗೋಸ್ಕರವೇ.

ಆಗಸ್ಟಿನಲ್ಲಿ ಕರೆ ಬಂದಾಗ ಅವನು ಮಾತಿಗಿಂತ ಹೆಚ್ಚು ಕೆಮ್ಮಿದ.

“ಸಾಕಾಯ್ತು ಕಣೆ ಆರ್ಡಿ. ಕೊಯ್ಲು ಮುಗಿಸ್ಕೊಂಡು ಕ್ರಿಸ್‌ಮಸ್ಸಿಗೆ ಬಂದ್ಬಿಡ್ತೀನಿ. ಮತ್ತೆ ಹೋಗಲ್ಲ. ಫಾರ್ಗೋ ಬಸ್ ಸ್ಟ್ಯಾಂಡಿಂದ ಫೋನ್ ಮಾಡಿದ್ರೆ ಬಂದು ಕರ್ಕೊಂಡು ಹೋಗ್ತೀಯಾ?”

“ಬರದೇ ಇರ್ತೀನಾ? ನೀನು ಫೋನ್ ಮಾಡು, ಸಾಕು. ಹಿಮ ಬೀಳ್ತಾ ಇದ್ರೂ ಬರ್ತೀನಿ.”

ಅಷ್ಟರಲ್ಲಿ ಅವಳ ಫೋನು ಪ್ರಾಣ ಬಿಟ್ಟಿತು. ಹಳೆಯದು, ಬ್ಯಾಟರಿ ನಿಲ್ಲುತ್ತಿರಲಿಲ್ಲ. ಅವನ ಕರೆ ಬರುವ ಹೊತ್ತಿಗೆ ಹೀಗಾದರೆ ಏನು ಗತಿ ಎಂದು ಆರ್ಡಿಸಳಿಗೆ ಚಿಂತೆ ಹತ್ತಿತು. ಆ ಶನಿವಾರವೇ ಮಾಲ್‌ನಲ್ಲಿದ್ದ ಬೇರೊಂದು ಕಂಪನಿಯ ಅಂಗಡಿಗೆ ಹೋದಳು. ಹಳೇದು ಕೊಟ್ಟರೆ ಹೊಸದು ಪುಕ್ಕಟೆ ಎಂದು ಅಲ್ಲಿ ಬೋರ್ಡು ಹಾಕಿದ್ದರು.

ಅಂಗಡಿಯ ಟೆಸ್ಸಾ ಒಳ್ಳೆಯ ಹೆಂಗಸು. ಹಳೆಯ ಫೋನನ್ನು ಲಕೋಟೆಗೆ ಹಾಕಿ ಅಂಟಿಸಿದಳು, ಹೊಸದನ್ನು ಕೈಗಿತ್ತಳು. “ನಿಮ್ಮ ನಂಬರು ಸೋಮವಾರ ಇದಕ್ಕೆ ಬಂದುಬಿಡುತ್ತೆ ಮೇಡಂ. ಅಲ್ಲೀವರೆಗೆ ಇದರಲ್ಲಿ ಬೇರೆ ನಂಬರಿರುತ್ತೆ. ಹಳೇ ಕಂಪನಿ ತಂಟೆಗೆ ಮಾತ್ರ ಹೋಗ್ಬೇಡಿ, ಎಲ್ಲಾ ನಾವೇ ನೋಡ್ಕೋತೀವಿ.”

ಇಷ್ಟು ಬಿಡಿಸಿ ಹೇಳಿದ ಮೇಲೆ ಸುಮ್ಮನಿರಬಾರದಿತ್ತೇ! ಭಾನುವಾರ ಚರ್ಚಿನಿಂದ ಬಂದು ಕಾಫಿ ಹಿಡಿದು ಕೂತವಳಿಗೆ ಮನಸ್ಸು ಚುಚ್ಚತೊಡಗಿತು. ಅಮ್ಮನ ಕಾಲದಿಂದ ಇದ್ದ ಕಂಪನಿ. ಹೇಳದೆ ಕೇಳದೆ ಹಿತ್ತಲ ಬಾಗಿಲಿಂದ ಹೋಗುವುದೇ? ಅವರು ಏನೆಂದುಕೊಂಡಾರು? ಒಂದು ಮಾತು ತಿಳಿಸಿದರೆ ಗಂಟೇನೂ ಹೋಗುವುದಿಲ್ಲವಲ್ಲ ಎಂದುಕೊಂಡು ಹಳೇ ಕಂಪನಿಗೆ ಫೋನು ಹಚ್ಚಿದಳು.

“ನಿಮ್ಮದೇನೂ ತಪ್ಪಿಲ್ಲಪ್ಪ. ಇಷ್ಟು ವರ್ಷ ಚೆನ್ನಾಗಿ ನೋಡ್ಕೊಂಡ್ರಿ. ಹೋಗ್ತಾ ಇದೀನಿ ಅಂತ ಹೇಳಿ ಹೋಗೋಣ ಅಂತ ಮಾಡ್ದೆ.”

“ತುಂಬಾ ಸಂತೋಷ ಮೇಡಂ,” ಎಂದ ಆ ಕಡೆಯವನು, ಅವಳ ಹೆಸರು, ನಂಬರು ಕೇಳಿಕೊಂಡು. “ಹಾಗಾದ್ರೆ ಈಗಲೇ ಮುಚ್ಚಿಬಿಡ್ಲಾ?”

ಫೋನು ಇಡುವ ಮಾತೆಂದು ತಿಳಿದ ಆರ್ಡಿಸ್ “ಹೂಂನಪ್ಪ, ನಿಮಗೂ ಕೆಲ್ಸ ಇರುತ್ತೆ” ಎಂದಳು. ಆಮೇಲೂ ಅವನೂರಿನ ಮಳೆ ಬಿಸಿಲು ವಿಚಾರಿಸಿ, ಹರಸಿಯೇ ಇಟ್ಟಳು. ಅವನು ಮುಚ್ಚಿದ್ದು ನಂಬರನ್ನು.

ಸೋಮವಾರ ನಂಬರು ಬರಲಿಲ್ಲ. ಮಂಗಳವಾರ ಟೆಸ್ಸಾ ಕಂಪ್ಯೂಟರು ನೋಡಿ ತಲೆ ಮೇಲೆ ಕೈ ಹೊತ್ತಳು. “ಅಯ್ಯೋ ಮೇಡಂ, ಏನ್ಮಾಡ್ಬಿಟ್ರಿ! ಮುಚ್ಚಿರೋ ನಂಬರನ್ನ ನಾನು ಎಲ್ಲಿಂದ ಎಳ್ಕೊಂಡು ಬರ್ಲಿ? ಅವರನ್ನೇ ಕೇಳಿ.”

ಅವರನ್ನು ಕೇಳಿದರೆ ಅವರು ಇವರನ್ನು ಕೇಳಿ ಎಂದರು. ಒಬ್ಬಳು ಮಾತ್ರ ಕರುಣೆಯಿಂದ, ತೆರೆಯಲು ಆಗುತ್ತದೋ ನೋಡೋಣ, ನೀವೇ ಹೌದೋ ಅಲ್ಲವೋ ತಿಳಿಯಲು ಫೋನಿಗೆ ಒಂದು ಕೋಡ್ ಕಳಿಸುತ್ತೇನೆ, ಓದಿ ಹೇಳಿ ಎಂದಳು. ಕಳಿಸಿದ್ದು ಎಲ್ಲಿಗೆ? ಆ ಹಳೇ ನಂಬರಿಗೇ! ಇದಕ್ಕೆ ನಗಬೇಕೋ ಅಳಬೇಕೋ ನೀವೇ ಹೇಳಿ. ಆರ್ಡಿಸ್ ಅತ್ತಳು. ಅತ್ತು, ಆ ಹುಡುಗಿಗೆ ತೊಂದರೆ ಕೊಟ್ಟೆ ಎಂದು ಕ್ಷಮೆ ಕೇಳಿದಳು.

ಪಕ್ಕದ ಮನೆಯ ಲೋಯಿಸ್ ಸಿಟ್ಟಿನಿಂದ ಕುದಿದಳು. “ಅವರೇನು ನಿನ್ನ ಸೋದರಮಾವನ ಮಕ್ಕಳಾ, ಹೇಳಿ ಹೋಗೋಕೆ? ಮೆತ್ತಗೆ ಮಾತಾಡಿ ಮಾತಾಡಿ ಕೆಡಿಸ್ಕೊಂಡೆ. ಸ್ವಲ್ಪ ಕೂಗಾಡೇ!” ಆರ್ಡಿಸಳಿಗೆ ಕೂಗಾಡಲು ಬರುತ್ತಿರಲಿಲ್ಲ. ಇಬ್ಬರೂ ಫಾರ್ಗೋ ಬಸ್ ಸ್ಟ್ಯಾಂಡಿಗೆ ಹೋಗಿ ವೆಂಡೆಲನ ಫೋಟೋ ತೋರಿಸಿ ಬಂದರು. ಹತ್ತು ವರ್ಷ ಹಿಂದಿನ ಫೋಟೋ. ಟಿಕೆಟ್ ಕೊಡುವವನು ಕನ್ನಡಕ ಏರಿಸಿ ನೋಡಿ, ಇಂಥವರು ದಿನಾ ಬರುತ್ತಾರೆ ಎಂದ.

ಅಂದಿನಿಂದ ಪ್ರತಿ ಭಾನುವಾರ ಚರ್ಚಿನಿಂದ ಬಂದ ಕೂಡಲೇ ತನ್ನ ಹಳೇ ನಂಬರಿಗೆ ತಾನೇ ಕರೆ ಮಾಡುವುದು ಅವಳಿಗೆ ರೂಢಿಯಾಯಿತು. ಈ ನಂಬರು ಚಾಲ್ತಿಯಲ್ಲಿಲ್ಲ ಎಂಬ ಅದೇ ದನಿ. ವೆಂಡೆಲನಿಗೂ ಇದೇ ಕೇಳಿಸಿರಬಹುದು ಎಂದು ನೆನೆದು ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಅವನಿಗೆಂದು ಹಾಸಿದ ಹಾಸಿಗೆಯ ಹೊದಿಕೆಯನ್ನು ಮಾತ್ರ ತಪ್ಪದೆ ಒಗೆದು ಹಾಕುತ್ತಿದ್ದಳು.

ಡಿಸೆಂಬರಿನ ಒಂದು ಭಾನುವಾರ ಆ ನಂಬರು ರಿಂಗಾಯಿತು. ಆ ಕಡೆ ಯಾರೋ ಎತ್ತಿದರು. ಯುವತಿಯೊಬ್ಬಳ ನಿದ್ದೆ ತುಂಬಿದ ದನಿ.

“ಕ್ಷಮಿಸಮ್ಮ, ಈ ನಂಬರು ಮುಂಚೆ ನಂದಾಗಿತ್ತು. ಯಾರಾದ್ರೂ ಆರ್ಡಿಸ್ ಅಂತ ಕೇಳ್ಕೊಂಡು—”

“ಆರ್ಡಿ!” ಎಂದಳು ಆ ಹೆಣ್ಣು. “ಅಯ್ಯೋ, ನೀವೇನಾ ಆರ್ಡಿ? ಈ ನಂಬರು ನಂಗೆ ಬಂದು ಇನ್ನೂ ವಾರ ಆಗಿಲ್ಲ. ಮೊನ್ನೆ ದೊಡ್ಡ ಹಿಮ ಬಿತ್ತಲ್ಲ, ಅವತ್ತು ಒಬ್ರು ಮಾಡಿದ್ರು. ಫಾರ್ಗೋದಲ್ಲಿದೀನಿ, ಆರ್ಡಿನ ಕರೀರಿ ಅಂದ್ರು. ರಾಂಗ್ ನಂಬರ್ ಅಂದೆ. ಮತ್ತೆ ಮಾಡಿದ್ರು. ಇದು ನಮ್ಮನೆ ನಂಬರಮ್ಮ, ನಂಗೆ ಬಾಯಿಪಾಠ ಇದೆ ಅಂತಾರೆ.”

“ಆಮೇಲೆ?”

“ನಾನು ರಾತ್ರಿ ಪಾಳಿ ನರ್ಸು. ಆಗತಾನೆ ಮಲಗಿದ್ದೆ. ಮೂರನೇ ಸಲ ಮಾಡಿದಾಗ ರೇಗಿಬಿಟ್ಟೆ. ಆಮೇಲೆ ಮನಸ್ಸು ತಡೀಲಿಲ್ಲ, ಅದೇ ನಂಬರಿಗೆ ವಾಪಸ್ ಮಾಡ್ದೆ. ಯಾರೋ ಪ್ರಯಾಣಿಕರು ಎತ್ತಿದ್ರು. ಆ ಮನುಷ್ಯ ಥ್ಯಾಂಕ್ಸ್ ಹೇಳಿ ನನ್ನ ಫೋನ್ ವಾಪಸ್ ಕೊಟ್ಟು ಹೊರಗೆ ನಡೆದುಬಿಟ್ರು, ಕೆಮ್ತಾ ಇದ್ರು ಅಂದ್ರು.”

ಆರ್ಡಿಸ್ ಬೇಡಿಕೊಂಡಳು. “ಮತ್ತೆ ಮಾಡಿದ್ರೆ ನನ್ನ ಹೊಸ ನಂಬರು ಕೊಡ್ತೀಯಾ? ದಮ್ಮಯ್ಯ.”

“ಖಂಡಿತ ಕೊಡ್ತೀನಿ. ಆದ್ರೆ...” ಆ ಹುಡುಗಿಯ ದನಿ ಇಳಿಯಿತು. “ಇನ್ನೊಂದ್ಸಲ ಮಾಡ್ಬೇಡಿ ಅಂತ ಬೈದುಬಿಟ್ಟೆ ಕಣ್ರೀ. ತಪ್ಪಾಯ್ತು ತಾಯಿ, ಇನ್ನು ಮಾಡಲ್ಲ, ಮಾತು ಕೊಡ್ತೀನಿ ಅಂದ್ರು.”

ಆರ್ಡಿಸ್ ನಂಬರು ಹೇಳಿದಳು, ಅವಳು ಬರೆದುಕೊಂಡಳು. ವೆಂಡೆಲ್ ಬದುಕಿನಲ್ಲಿ ಕೈಗೆ ಬಂದದ್ದೆಲ್ಲ ಕಳೆದವನು. ಆದರೆ ಯಾರಿಗಾದರೂ ತೊಂದರೆ ಕೊಡುವುದಿಲ್ಲ ಎಂದು ಮಾತು ಕೊಟ್ಟರೆ ಉಳಿಸಿಕೊಳ್ಳುತ್ತಿದ್ದ. ಆರ್ಡಿಸಳಂತೆ ಅವನನ್ನೂ ಬೆಳೆಸಿದ್ದು ಅದೇ ಅಮ್ಮ.