ಅಕ್ಕನ ಕೂಲರು, ತಮ್ಮನ ಫ್ಯಾನು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಬಹುದು. ಆದರೆ ಮನುಷ್ಯರ ಮೇಲೆ ಬರುವಷ್ಟು ಬೇಗ ಅದು ಯಂತ್ರಗಳ ಮೇಲೆ ಬರುವುದಿಲ್ಲ. ಬಳ್ಳಾರಿಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ. ಲ್ಯಾಬಿನಲ್ಲಿ ಕೆಟ್ಟದ್ದನ್ನು ಬಿಚ್ಚುವವಳೂ ನಾನೇ, ಜೋಡಿಸುವವಳೂ ನಾನೇ. ಹಾಗಾಗಿ ಅಕ್ಕನ ಕಂಪ್ಯೂಟರ್ ಸತ್ತಾಗ ಅದನ್ನು ಅಂಗಡಿಗೆ ಒಯ್ಯುವ ಮಾತೇ ಬರಲಿಲ್ಲ.

ಅಕ್ಕ ಸಿರುಗುಪ್ಪದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಮದುವೆ ಬೇಡವೆಂದು ನೌಕರಿ ಹಿಡಿದವಳು, ಶಾಲೆಯ ಹತ್ತಿರವೇ ಒಂದು ಮಹಡಿ ಮನೆಯಲ್ಲಿ ಬಾಡಿಗೆಗಿದ್ದಾಳೆ. ಕೆಲವು ವರ್ಷಗಳ ಹಿಂದೆ ಅವಳ ಕಣ್ಣು ಮಂಜಾಗುತ್ತ ಮಂಜಾಗುತ್ತ ಪೂರ್ತಿ ಹೋದವು. ಪಾಠ ಮಾಡುವುದಕ್ಕೆ ಅದರಿಂದ ಅಂಥ ಅಡ್ಡಿಯಾಗಲಿಲ್ಲ, ಪುಸ್ತಕವೆಲ್ಲ ಅವಳ ಬಾಯಲ್ಲೇ ಇತ್ತು. ಬರೆಯುವುದಕ್ಕೆ ಕಂಪ್ಯೂಟರ್ ಇತ್ತು. ಪರದೆಯ ಮೇಲೆ ಏನಿದೆಯೋ ಅದನ್ನು ಓದಿ ಹೇಳುವ ಒಂದು ದನಿ ಅದರೊಳಗಿದೆ. ಅವಳು ಒತ್ತಿದ ಪ್ರತಿ ಅಕ್ಷರವನ್ನೂ ಅದು ಗೊಗ್ಗರು ದನಿಯಲ್ಲಿ ಹೇಳುತ್ತದೆ. ಆ ದನಿಯ ಕನ್ನಡ ಉಚ್ಚಾರಣೆಯನ್ನು ಅಕ್ಕ ದಿನಾ ಬೈಯುತ್ತಾಳೆ, ಆದರೆ ಅದಿಲ್ಲದೆ ಅವಳಿಗೆ ಆಗುವುದಿಲ್ಲ.

ಹಿಂದಿನ ಪರೀಕ್ಷೆಯ ಹೊತ್ತಿಗೆ ಸರಿಯಾಗಿ ಆ ಯಂತ್ರ ಕೈಕೊಟ್ಟಿತು. "ನಿಮಗ್ಯಾಕ್ರೀ ತ್ರಾಸು ಟೀಚರ್, ಪ್ರಶ್ನೆಪತ್ರಿಕಿ ನಾವ ತೆಗೀತೀವಿ" ಎಂದು ಜೊತೆಯ ಶಿಕ್ಷಕರು ಒಳ್ಳೆಯ ಮನಸ್ಸಿನಿಂದಲೇ ಹೇಳಿ, ತೆಗೆದೂಬಿಟ್ಟರು. ಅಕ್ಕ ಎಲ್ಲರಿಗೂ ನಗುನಗುತ್ತ ಥ್ಯಾಂಕ್ಸ್ ಹೇಳಿ ಮನೆಗೆ ಬಂದು ಉಣ್ಣದೆ ಮಲಗಿದಳು. ಮರುದಿನ ನನಗೆ ಫೋನ್ ಮಾಡಿದಳು.

"ಒಮ್ಮೆ ಕೈ ಬಿಟ್ರ ಮುಗೀತು, ಆ ಕೆಲಸ ಮತ್ತ ನನ್ನ ಕಡಿ ಬರಂಗಿಲ್ಲ. ವಾರ್ಷಿಕ ಪರೀಕ್ಷಿದು ನಾನ ತೆಗೀಬೇಕು. ಅದನ್ನ ಇನ್ನೊಬ್ರಿಗೆ ತೋರಿಸಂಗಿಲ್ಲ, ಓದಿಸಂಗಿಲ್ಲ. ಅಷ್ಟರೊಳಗ ನನಗ ಮಷೀನ್ ಬೇಕು ನೋಡು."

ಕುರುಗೋಡಿನಲ್ಲಿ ನಮ್ಮ ತಮ್ಮ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಅವನು ಹೊಸ ಕಂಪ್ಯೂಟರ್ ತಂದು ಹಳೆಯದನ್ನು ಮೂಲೆಗೆ ಸರಿಸಿದ್ದ. ಅದರ ಬೋರ್ಡು, ಪ್ರೊಸೆಸರು, ಪ್ರೊಸೆಸರಿನ ಮೇಲೆ ಕೂತು ಅದನ್ನು ತಂಪಾಗಿಡುವ ಫ್ಯಾನು ಎಲ್ಲವನ್ನೂ ನಾನು ಕಿತ್ತುಕೊಂಡು ಬಂದೆ. "ಫ್ಯಾನ್ ಒಂದು ಹೊಸದು ಹಾಕ್ಕೋ ಅಕ್ಕ, ಅದು ರಸ್ತಿ ಧೂಳು ಎಲ್ಲಾ ಕುಡದೈತಿ" ಎಂದು ಅವನು ನನಗೆ ಹೇಳಿದ. ತಿರುಗುವ ಫ್ಯಾನನ್ನು ಎಸೆಯುವುದು ನಮ್ಮ ಅವ್ವನ ಮಕ್ಕಳು ಮಾಡುವ ಕೆಲಸವಲ್ಲ. ಬ್ರಷ್ಷಿನಿಂದ ಉಜ್ಜಿ ಅದನ್ನೇ ಹಾಕಿದೆ. ಹೊಸ ಕ್ಯಾಬಿನೆಟ್ಟಿನಲ್ಲಿ ಎಲ್ಲ ಕೂರಿಸಿ, ಅಕ್ಕನ ಹಾರ್ಡ್ ಡಿಸ್ಕ್ ಸೇರಿಸಿ, ನಮ್ಮ ಮನೆಯ ಪಡಸಾಲೆಯಲ್ಲಿ ಕೂಲರ್ ಮುಂದೆ ಕೂತು, ಪಕ್ಕದ ತಗಡು ಮುಚ್ಚದೆಯೇ ಮತ್ತೆ ಮತ್ತೆ ಹಚ್ಚಿ ಆರಿಸಿ ನೋಡಿದೆ. ಬೇಸಿಗೆ ಬಂತೆಂದರೆ ನಮ್ಮೂರಲ್ಲಿ ಕೂಲರ್ ಮುಂದಲ್ಲದೆ ಬೇರೆಲ್ಲೂ ಕೂತು ಕೆಲಸ ಮಾಡಲಾಗುವುದಿಲ್ಲ. ಯಂತ್ರ ಒಮ್ಮೆಯೂ ತಕರಾರು ಮಾಡಲಿಲ್ಲ.

ಭಾನುವಾರ ಅದನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ತೆಕ್ಕಲಕೋಟೆ ದಾಟುವ ಹೊತ್ತಿಗೆ ಎರಡೂ ಕಾಲು ಜೋಮು ಹಿಡಿದಿದ್ದವು. ಮನೆ ಹೊಕ್ಕೊಡನೆ ಅಕ್ಕ ತಂಬಿಗೆಯಲ್ಲಿ ನೀರು ಕೊಟ್ಟಳು, ಗಾಲಿಯ ಮೇಲಿದ್ದ ಕೂಲರನ್ನು ತಳ್ಳಿಕೊಂಡು ಬಂದು ನನ್ನ ಕಡೆ ತಿರುಗಿಸಿದಳು. ನಮ್ಮ ಕಡೆ ಬೇಸಿಗೆಯಲ್ಲಿ ಬಂದವರಿಗೆ ಮಾಡುವ ಮೊದಲ ಮರ್ಯಾದೆ ಅದು. ನಾನು ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದೇ ಎಲ್ಲ ವೈರು ಸಿಕ್ಕಿಸಿ ಬಟನ್ ಒತ್ತಿದೆ. ದನಿ ಮಾತಾಡಿತು. ಅಕ್ಕನ ಮುಖ ಅರಳಿತು. ನಡೆಯುತ್ತಿದ್ದ ಹಾಗೆಯೇ ತಗಡು ಮುಚ್ಚಿ, ಊಟ ಮಾಡಿ, ಸಂಜೆಯ ಬಸ್ಸು ಹಿಡಿದೆ.

ಮರುದಿನ ಬೆಳಿಗ್ಗೆಯೇ ಫೋನು. "ಲೇ, ದನಿ ಬರವಲ್ದು."

ವೀಡಿಯೊ ಕಾಲ್ ಮಾಡಿ ಪರದೆ ತೋರಿಸು ಎಂದೆ. ಮೊದಲು ಅವಳ ಕಿವಿ ಕಾಣಿಸಿತು, ಆಮೇಲೆ ಕ್ಯಾಲೆಂಡರು, ಆಮೇಲೆ ಛಾವಣಿ. "ಎಡಕ್ಕ ತಿರುಗಿಸು, ಇನ್ನ ಸ್ವಲ್ಪ ಕೆಳಗ" ಎನ್ನುತ್ತ ಎನ್ನುತ್ತ ಕೊನೆಗೆ ಪರದೆ ಸಿಕ್ಕಿತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ: ಪ್ರೊಸೆಸರಿನ ಫ್ಯಾನ್ ತಿರುಗುತ್ತಿಲ್ಲ, ಮುಂದೆ ಹೋಗಲು ಎಫ್ ಒನ್ ಒತ್ತಿ. ಓದಿ ಹೇಳುವ ದನಿ ಆಮೇಲೆ ಏಳುವಂಥದ್ದು. ಅದು ಏಳುವ ಮೊದಲೇ ಯಂತ್ರ ನಿಂತು ಪ್ರಶ್ನೆ ಕೇಳುತ್ತಿತ್ತು, ಕೇಳಿದ್ದು ಅಕ್ಕನಿಗೆ ಗೊತ್ತೇ ಆಗುತ್ತಿರಲಿಲ್ಲ. ಫ್ಯಾನಿಲ್ಲದೆ ಓಡಿಸಿದರೆ ಯಂತ್ರ ಬಿಸಿಯಾಗುತ್ತದೆಂದು ಎಫ್ ಒನ್ ಒತ್ತಲು ನಾನು ಹೇಳಲಿಲ್ಲ.

ಮುಂದಿನ ಭಾನುವಾರ ಮತ್ತೆ ಹೋದೆ. ನೀರು ಬಂತು, ಕೂಲರ್ ನನ್ನ ಕಡೆ ತಿರುಗಿತು. ತಗಡು ತೆಗೆದು ಹಚ್ಚಿದರೆ ಫ್ಯಾನ್ ಬುಗುರಿಯ ಹಾಗೆ ತಿರುಗುತ್ತಿದೆ. ವೈರು ಸರಿಯಾದ ಜಾಗದಲ್ಲಿತ್ತು, ಆದರೂ ಕಿತ್ತು ಮತ್ತೆ ಸಿಕ್ಕಿಸಿದೆ. ಸೆಟ್ಟಿಂಗಿನೊಳಗೆ ಹೊಕ್ಕು ನೋಡಿದೆ, ಫ್ಯಾನಿನ ವೇಗವೂ ಸರಿಯಿತ್ತು. ಕುಣಿಯಲಾರದವಳಿಗೆ ನೆಲ ಡೊಂಕು ಎಂಬಂತೆ ಬೋರ್ಡನ್ನು, ಸಿರುಗುಪ್ಪದ ಕರೆಂಟನ್ನು, ತಮ್ಮನನ್ನು ಎಲ್ಲರನ್ನೂ ಬೈದೆ. ಸೋಮವಾರ ಬೆಳಿಗ್ಗೆ ಮತ್ತೆ ಫೋನು, ಮತ್ತೆ ಕಿವಿ, ಕ್ಯಾಲೆಂಡರು, ಛಾವಣಿ.

ಮೂರನೆಯ ಸಲ ಹೋಗಿ ತಗಡು ತೆಗೆದು ಹಚ್ಚಿದಾಗಲೂ ಫ್ಯಾನ್ ತಿರುಗುತ್ತಲೇ ಇತ್ತು. ಸುಲಭದ ದಾರಿ ಒಂದನ್ನು ಮುಂದಿಟ್ಟೆ. "ಫ್ಯಾನ್ ಕಡಿ ನೋಡಬ್ಯಾಡ ಅಂತ ಅದಕ್ಕ ಸೆಟ್ಟಿಂಗಿನ್ಯಾಗ ಹೇಳಿಬಿಡ್ತೀನಿ. ಆಮ್ಯಾಲ ಕೇಳಂಗಿಲ್ಲ."

"ಫ್ಯಾನ್ ಖರೇನ ನಿಂತಿದ್ರ?"

"ಬಿಸಿ ಆಗಿ ತಾನ ಆಫ್ ಆಗ್ತಾತಿ."

"ನಾ ಬರದದ್ದು?"

ನಾನು ಕೀಬೋರ್ಡಿನಿಂದ ಕೈ ತೆಗೆದೆ. ಅಕ್ಕ ಕುರ್ಚಿಯ ತೋಳಿನ ಮೇಲೆ ಕೈ ಸವರುತ್ತ ಮೆಲ್ಲಗೆ ಹೇಳಿದಳು. "ಪತ್ರಿಕಿ ಕೊಡಾಕ ಇನ್ನ ಒಂದ ವಾರ ಐತಿ. ಆಗಲಿಲ್ಲಂದ್ರ ಹೇಳು, ಸಾಲಿಯವ್ರ ತೆಗೀಲಿ. ಆದ್ರ ಒಂದು ಮಾತು. ಕಣ್ಣು ಹೋದಾಗಿಂದ ನಾ ಯಾರಿಗೆ ಫೋನ್ ಮಾಡಿದ್ರೂ ಹಲೋ ಅನ್ನಂಗಿಲ್ಲ, 'ಏನಾತು' ಅಂತಾರ. ನೀನೂ ಹಂಗ ಅಂತಿ. ಏನೂ ಆಗಲಾರದ ನಿನ್ನ ಕರದದ್ದು ನನಗ ನೆನಪಿಲ್ಲ."

ನನಗೆ ತುಂಬ ಬೇಜಾರಾಯಿತು. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮತ್ತೊಮ್ಮೆ ಮೊದಲಿನಿಂದ ನೋಡೋಣ ಎಂದು ಯಂತ್ರವನ್ನು ಪೂರ್ತಿ ಆರಿಸಿದೆ.

ಅಷ್ಟರಲ್ಲಿ ಕರೆಂಟ್ ಹೋಯಿತು. ಕೂಲರ್ ಗರಗರ ಎಂದು ಸದ್ದಡಗಿತು. ಕಂಪ್ಯೂಟರಿಗೆ ಬ್ಯಾಟರಿಯ ಯುಪಿಎಸ್ ಇದ್ದುದರಿಂದ ನಾನು ಬಟನ್ ಒತ್ತಿದೆ. ದನಿ ಬರಲಿಲ್ಲ. ಪರದೆಯ ಮೇಲೆ ಅದೇ ಬಿಳಿ ಅಕ್ಷರ. ಬಗ್ಗಿ ನೋಡಿದರೆ ಫ್ಯಾನ್ ಒಮ್ಮೆ ಅಲುಗಾಡಿ, ಗಟ್ಟಿ ನೆಲಕ್ಕೆ ಸಿಕ್ಕ ಎತ್ತಿನ ಹಾಗೆ ನಿಂತುಬಿಟ್ಟಿತ್ತು. ನನ್ನ ಕಣ್ಣೆದುರು ಅದು ನಿಂತದ್ದು ಅದೇ ಮೊದಲು. ಕೈಯಲ್ಲಿದ್ದ ಸೆರಗಿನಿಂದ ಸುಮ್ಮನೆ ಒಮ್ಮೆ ಗಾಳಿ ಬೀಸಿದೆ. ತಿರುಗತೊಡಗಿತು.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಎಣ್ಣೆ ಆರಿಹೋದ ಫ್ಯಾನು ಅದು. ಒಮ್ಮೆ ಯಾರಾದರೂ ನೂಕಿದರೆ ಓಡುತ್ತದೆ, ಇಲ್ಲದಿದ್ದರೆ ಏಳುವುದಿಲ್ಲ. ಬಳ್ಳಾರಿಯಲ್ಲಿ ನನ್ನ ಕೂಲರ್ ಅದನ್ನು ನೂಕಿತ್ತು. ಇಲ್ಲಿ ನಾನು ಬಂದು ತಗಡು ತೆಗೆದಾಗಲೆಲ್ಲ ಅಕ್ಕ ಮರ್ಯಾದೆಗೆಂದು ತಿರುಗಿಸಿದ ಕೂಲರ್ ನೂಕಿತ್ತು. ನಾನು ಹೋದಮೇಲೆ ತಗಡು ಮುಚ್ಚಿರುತ್ತಿತ್ತು, ಕೂಲರ್ ಮತ್ತೆ ಅವಳ ಮಂಚದ ಕಡೆ ಹೋಗುತ್ತಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ.

ಹೇಳಿದಾಗ ಅಕ್ಕ ನಕ್ಕು ನಕ್ಕು ಕೆಮ್ಮಿದಳು. ನನಗೆ ಅವಳನ್ನು ಕೆಣಕದೆ ಇರಲಾಗಲಿಲ್ಲ. "ಕಣ್ಣಿಲ್ಲದವ್ರಿಗೆ ಕಿವಿ ಚುರುಕು ಅಂತಾರ. ಫ್ಯಾನ್ ನಿಂತದ್ದು ನಿನಗ ಕೇಳಲಿಲ್ಲೇನು?"

"ಈ ಕೂಲರ್ ಸದ್ದಿನ್ಯಾಗ ನನಗ ನಿನ್ನ ಬಾಯಿನ ಕೇಳಂಗಿಲ್ಲ, ಇನ್ನ ಅಂಗೈಯಷ್ಟು ಫ್ಯಾನಿಂದು ಏನ್ ಕೇಳ್ತಾತಿ. ಹೊಸದು ತರಬೇಕಲ್ಲ ಹಂಗಾರ?"

ಹೊಸದು ನನ್ನ ಚೀಲದಲ್ಲೇ ಇತ್ತು. ಹೊರಡುವ ಮುಂಚೆ ಬಳ್ಳಾರಿಯಲ್ಲಿ ಕೊಂಡಿದ್ದೆ, ಇರಲಿ ಅಂತ. ತಿರುಗುತ್ತಿರುವುದನ್ನು ತೆಗೆಯಲು ಮನಸ್ಸಾಗದೆ ಪೊಟ್ಟಣ ಒಡೆದಿರಲಿಲ್ಲ. ಕಿಟಕಿಯ ಬೆಳಕಿನಲ್ಲಿ ಅದನ್ನು ಕೂರಿಸಿದೆ. ಕರೆಂಟ್ ಬಂದಮೇಲೆ ಕೂಲರಿನ ಮುಖವನ್ನು ನಾನೇ ಗೋಡೆಯ ಕಡೆ ತಿರುಗಿಸಿದೆ. "ಅಯ್ಯ, ಬೆವರಿ ಸಾಯ್ತೀ" ಎಂದು ಅಕ್ಕ ಏಳಲು ಹೋದಳು. "ಕೂತ್ಕೋ, ನಿನ್ನ ಮರ್ಯಾದಿ ಸಾಕು" ಎಂದೆ. ತಗಡು ಮುಚ್ಚಿದೆ, ಪೂರ್ತಿ ಆರಿಸಿದೆ, ಹಚ್ಚಿದೆ. ದನಿ ಬಂತು. ಮತ್ತೆ ಆರಿಸಿ, ಮತ್ತೆ ಹಚ್ಚಿದೆ. ಆಗಲೂ ಬಂತು. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು, ನನಗೆ ಪರಮ ಸುಖವಾಗಿತ್ತು.

ಅಕ್ಕ ಕುರ್ಚಿ ಎಳೆದುಕೊಂಡು ಕೂತು ಕೀಬೋರ್ಡಿನ ಮೇಲೆ ಕೈಯಿಟ್ಟಳು. ನಾನು ಪಕ್ಕದಲ್ಲೇ ನಿಂತಿದ್ದೆ. ಅವಳು ಟೈಪ್ ಮಾಡಲಿಲ್ಲ.

"ಹೊರಗ ಹೋಗು" ಎಂದಳು.

"ಯಾಕ?"

"ಪ್ರಶ್ನೆಪತ್ರಿಕಿ ಇದು. ನೀನೂ ನೋಡಂಗಿಲ್ಲ."

ಹೊರಗೆ ಮೆಟ್ಟಿಲ ಮೇಲೆ ಕೂತೆ. ಒಳಗೆ ಓದಿ ಹೇಳುವ ಯಂತ್ರದ ದನಿ ಗೋಡೆಯಾಚೆ ಗೊಣಗಿದಂತಷ್ಟೇ ಕೇಳಿಸುತ್ತಿತ್ತು. ನಡುನಡುವೆ ಅದರ ಉಚ್ಚಾರಣೆಗೆ ಅಕ್ಕ ಬೈಯುವುದು ಮಾತ್ರ ಸ್ಪಷ್ಟವಾಗಿತ್ತು. ಸಂಜೆ ಬಸ್ಸಿಗೆ ಹೊರಟಾಗಲೂ ಅವಳು ಬರೆಯುತ್ತಲೇ ಇದ್ದಳು.

ಆಮೇಲೆ ಫೋನ್ ಬರಲಿಲ್ಲ. ಪತ್ರಿಕೆ ಕೊಟ್ಟಾಯಿತೆಂದು ತಮ್ಮನಿಂದ ಗೊತ್ತಾಯಿತು. ಒಂದು ಭಾನುವಾರ ಹೋಯಿತು, ಇನ್ನೊಂದೂ ಹೋಯಿತು. ಹೋಗಲು ನೆಪವಿಲ್ಲದೆ ನಾನು ಮನೆಯಲ್ಲಿ ಕೂತು ಎಲ್ಲರ ಮೇಲೂ ರೇಗಿದೆ. ಅವಳಿಗೆ ಇನ್ನು ನಾನು ಬೇಕಾಗಿಲ್ಲ ಎಂಬ ಸಂತೋಷದ ಜೊತೆಗೆ, ಅದೇ ಕಾರಣಕ್ಕೆ ಒಂದಿಷ್ಟು ನೋವೂ ಇತ್ತು.

ಪರೀಕ್ಷೆ ಮುಗಿದ ವಾರ ಫೋನಿಗೆ ಒಂದು ಮೆಸೇಜ್ ಬಂತು. ಅಕ್ಕ ತಾನೇ ಕಂಪ್ಯೂಟರಿನಲ್ಲಿ ಕೂತು ಬರೆದದ್ದು. ತಪ್ಪಿಲ್ಲದೆ, ಪೂರ್ಣವಿರಾಮ ಸಮೇತ.

"ಈ ಭಾನುವಾರ ಬಾ. ಏನೂ ಕೆಟ್ಟಿಲ್ಲ."