ರೊಟ್ಟಿ ತಿರುವುವಷ್ಟು ಹೊತ್ತು

ನನ್ನ ಹೆಂಡತಿ ರೊಟ್ಟಿ ಬಡಿಯುತ್ತ ಹಾಡುತ್ತಿದ್ದಳು, ನಾನು ಅಡುಗೆಮನೆಯ ಬಾಗಿಲಲ್ಲಿ ಕುಳಿತು ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದೆ. ನನ್ನ ಸಂಗೀತವೆಂದರೆ ಇಷ್ಟೇ. ಮಸ್ಕಿಯಲ್ಲಿ ದರ್ಜಿಯಾಗಿದ್ದ ನನಗೆ ಗುರುವಿಲ್ಲ, ಪಾಠವಿಲ್ಲ. ಭಜನೆಯವರು ಹೊಸ ಪೇಟಿ ತಂದಾಗ ಹಳೆಯದನ್ನು ನನಗೆ ಕೊಟ್ಟಿದ್ದರು. ಆಕೆ ಯಾವ ಸ್ವರದಲ್ಲಿ ಎತ್ತಿಕೊಳ್ಳುತ್ತಾಳೋ ಅದನ್ನು ನಾನು ಹುಡುಕಿ ಹಿಡಿಯಬೇಕು. ಹಾಡಿನ ನಡುವೆ ಹಂಚಿನ ಮೇಲಿನ ರೊಟ್ಟಿ ತಿರುವಬೇಕಾದರೆ ಆಕೆ ತಟ್ಟನೆ ನಿಲ್ಲಿಸುತ್ತಿದ್ದಳು, ನಾನೂ ನಿಲ್ಲಿಸುತ್ತಿದ್ದೆ. ತಿರುವಿ ಆಕೆ "ಹೂಂ" ಅಂದ ಮೇಲೆ ಮತ್ತೆ ಶುರು. ಒಮ್ಮೆ ನಿಲ್ಲದೆ ಮುಂದೆ ಬಾರಿಸಿದ್ದಕ್ಕೆ, "ಯಾರು ಬೆನ್ನ ಹತ್ಯಾರಂತ ಹಂಗ ಓಡಾಕತ್ತೀರಿ? ರೊಟ್ಟಿ ಹೊತ್ತಿದ್ರ ತಿನ್ನೋರು ನೀವ ನೋಡ್ರಿ" ಅಂದಿದ್ದಳು. ಇಪ್ಪತ್ತೆರಡು ವರ್ಷ ಹೀಗೆ ನಡೆಯಿತು.

ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಳ್ವಿಕೆ ಹೋಗಿ ಮೂರು ವರ್ಷವಾಗಿರಬೇಕು, ಆಕೆ ಜ್ವರದಲ್ಲಿ ಹೋದಳು. ಎಂಟೇ ದಿನದ ಜ್ವರ. ಪೇಟಿಯನ್ನು ಅರಿವೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಹಗಲೆಲ್ಲ ಮಷೀನು ತುಳಿಯುತ್ತಿದ್ದೆ, ರಾತ್ರಿ ಗೋಡೆ ನೋಡುತ್ತ ಕೂರುತ್ತಿದ್ದೆ.

ಮರುವರ್ಷ ಸುಗ್ಗಿ ಮುಗಿದ ಮೇಲೆ ಸಿಂಧನೂರಿಗೆ ಕೊಟ್ಟ ಮಗಳು ಬಂದಳು. ಲಿಂಗಸುಗೂರಿನಲ್ಲಿ ನಾಟಕ ಕಂಪನಿ ಇಳಿದಿದೆ, ಅವರ ಪೇಟಿ ಮಾಸ್ತರರು ಹಾಸಿಗೆ ಹಿಡಿದಿದ್ದಾರೆ, ಬೇರೆಯವರನ್ನು ಹುಡುಕುತ್ತಿದ್ದಾರೆ ಎಂಬ ಸುದ್ದಿ ತಂದಿದ್ದಳು.

"ಅಪ್ಪಾ, ಒಬ್ಬನ ಕುಂತು ಗ್ವಾಡಿ ನೋಡಾಕತ್ತೀಯಲ್ಲ. ಕಂಪನ್ಯಾಗ ಹತ್ತು ಮಂದಿ ಇರ್ತಾರ. ಒಮ್ಮೆ ಹೋಗಿ ಬಾರಿಸಿ ತೋರ್ಸು."

"ಅರವತ್ತಕ್ಕ ಅರಳು ಮರಳು ಅಂತಾರ. ನನಗ ಐವತ್ತಕ್ಕ ಬಂತು ಅಂತ ಊರ ಮಂದಿ ನಗಬೇಕೇನು?" ಎಂದು ಗದರಿದೆ. ಬಾಯಲ್ಲಿ ಹಾಗೆ, ಮನಸ್ಸಿನಲ್ಲಿ ಬೇರೆ. ಆ ಕಂಪನಿ ಸೇರಿ ಊರೂರು ತಿರುಗಿದರೆ ಬದುಕಿಯೇನು ಅನ್ನಿಸಿತ್ತು. ಆ ಮನೆಯಲ್ಲಿ ಇನ್ನೊಂದು ವರ್ಷ ಕಳೆಯುವುದು ನನ್ನಿಂದ ಆಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಒಗೆದ ಧೋತರ ಉಟ್ಟು, ನಾನೇ ಹೊಲಿದ ಕೋಟು ತೊಟ್ಟು ಮೋಟಾರು ಹತ್ತಿದೆ. ದಾರಿಯುದ್ದಕ್ಕೂ ತೊಡೆಯ ಮೇಲೆ ಬೆರಳಾಡಿಸುತ್ತಿದ್ದೆ. ಪಕ್ಕದಲ್ಲಿ ಕುಳಿತವನು ನನಗೆ ಹುಚ್ಚು ಎಂದುಕೊಂಡನೋ ಏನೋ, ಸಂತೆಕಲ್ಲೂರು ಬರುವುದರೊಳಗೆ ಬೇರೆ ಜಾಗ ನೋಡಿಕೊಂಡ.

ತಗಡಿನ ಥೇಟರಿನಲ್ಲಿ ಮಾಲಕರು ಚಹಾ ಕುಡಿಯುತ್ತಿದ್ದರು. ಅವರ ಪೇಟಿ ಕಾಲಪೇಟಿ. ಕೆಳಗೆ ಕಾಲಿನಿಂದ ತುಳಿದು ಗಾಳಿ ತುಂಬಬೇಕು. ದರ್ಜಿಗೆ ತುಳಿಯುವುದೇನು ಹೊಸದು? ಧೈರ್ಯ ಬಂತು. ಆದರೆ ನನ್ನ ಎಡಗೈ ತಿದಿ ಒತ್ತಲು ಮೇಲಿಂದ ಮೇಲೆ ಪೇಟಿಯ ಹಿಂದೆ ಹೋಗುತ್ತಿತ್ತು, ಅಲ್ಲಿ ಏನೂ ಇರಲಿಲ್ಲ. ತಬಲಾದವನು ನಕ್ಕ. "ಮನಿ ಸಡಿಲ ಅದಾವ್ರಿ ಇದರವು" ಎಂದು ಬೆರಳೊತ್ತುವ ಪಟ್ಟಿಗಳನ್ನು ತೋರಿಸಿದೆ. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ, ಹಾಗೆ.

ಹಾಡಲು ಕಂಪನಿಯ ನಟಿ ಬಂದು ನಿಂತಳು. ಆಕೆ ಎತ್ತಿಕೊಳ್ಳಲಿ ಎಂದು ನಾನು ಸುಮ್ಮನೆ ಕುಳಿತೆ. ನಾನು ಸ್ವರ ಕೊಡಲಿ ಎಂದು ಆಕೆ ಸುಮ್ಮನೆ ನಿಂತಳು. ಕೊನೆಗೆ ಮಾಲಕರೇ, "ಮಾಸ್ತರ್ರ, ಸ್ವರ ಕೊಡ್ರಿ. ಇಲ್ಲಿ ಪೇಟಿ ಮುಂದ, ಹಾಡು ಹಿಂದ" ಅಂದರು. ಕೊಟ್ಟೆ. ಆಕೆಯ ಕಂಠ ಚೆನ್ನಾಗಿತ್ತು, ನನ್ನ ಬೆರಳುಗಳೂ ಅದರ ಜೊತೆ ನಡೆದವು. ಆದರೆ ಸಾಲು ಮುಗಿದು ಆಕೆ ಉಸಿರು ತೆಗೆದುಕೊಂಡಾಗ ಪೇಟಿ ಆ ಜಾಗ ತುಂಬಬೇಕು, ನಾನು ಕೈ ಎತ್ತಿಬಿಟ್ಟೆ. ಮುಂದಿನ ಸಾಲಿಗೂ ಹಾಗೇ. ಮೂರನೆಯ ಸಲ ನಟಿ ಹಾಡುವುದನ್ನೇ ಬಿಟ್ಟಳು.

"ಹಂಗ ನಿಂತು ನಿಂತು ಬಾರಸೋದು ಯಾರ ಕಡೆ ಕಲ್ತೀರಿ?" ಮಾಲಕರು ಕೇಳಿದರು.

"ನನ್ನ ಹೆಂಡತಿ ಕಡೇರಿ."

"ಆಕಿ ಪೇಟಿ ಬಾರಸ್ತಾಳೇನು?"

"ಇಲ್ರಿ. ರೊಟ್ಟಿ ಬಡೀತಿದ್ಳು."

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಆಮೇಲೆ ಕಣ್ಣು ತುಂಬಿ ತಲೆ ತಗ್ಗಿಸಿದೆ. ಮಾಲಕರು ನಗು ನಿಲ್ಲಿಸಿ ಹತ್ತಿರ ಬಂದು ಕುಳಿತರು. "ಕೈಯಾಗ ಸ್ವರ ಐತ್ರಿ ನಿಮಗ. ಹದಿನೈದು ದಿನ ನಮ್ಮ ಕೂಡ ಇರ್ರಿ. ಆ ನಿಲ್ಲೋ ಚಟ ಬಿಡಸ್ತೀನಿ, ಆಮ್ಯಾಲೆ ನೀವು ನಮ್ಮೋರ" ಅಂದರು.

ನಾನು ಬಯಸಿ ಬಂದದ್ದು ಅದೇ. ಆದರೆ ಹೆಂಡತಿಯ ಸೀರೆಗಳನ್ನು ಮಗಳು ಒಯ್ದಿದ್ದಳು, ಹಂಚು ಓಣಿಯ ಯಾರದೋ ಮನೆ ಸೇರಿತ್ತು. ನನ್ನ ಹತ್ತಿರ ಉಳಿದಿದ್ದದ್ದು ಆ ಚಟವೊಂದೇ. ಹೇಳಿ ಕಳಿಸುತ್ತೇನೆ ಎಂದು ಕೈಮುಗಿದು ಎದ್ದೆ. ಹೇಳಿ ಕಳಿಸಲಿಲ್ಲ. ಮಗಳಿಗೆ, "ತಗೊಳ್ಳಲಿಲ್ಲವ್ವ" ಎಂದೆ. ಪಾಪ, ಆಕೆ ಆ ಕಂಪನಿಯವರನ್ನು ಈಗಲೂ ಬೈಯುತ್ತಾಳೆ.

ಮಗಳು ಸಿಂಧನೂರಿಗೆ ಹೋದ ಮೇಲೆ ಅಟ್ಟದಿಂದ ಪೇಟಿ ಇಳಿಸಿದೆ. ಅಡುಗೆಮನೆಯ ಅದೇ ಬಾಗಿಲಲ್ಲಿ ಕುಳಿತು ಹೆಂಡತಿಯ ಹಾಡು ಬಾರಿಸಿದೆ. ಆಕೆ ನಿಲ್ಲುತ್ತಿದ್ದ ಜಾಗ ಬಂತು, ಕೈ ತಾನಾಗಿ ನಿಂತಿತು. ತಣ್ಣಗಿದ್ದ ಒಲೆಯನ್ನು ನೋಡುತ್ತ ಕುಳಿತೆ. ನಿಲ್ಲುವುದು ನನಗೆ ಬರುತ್ತಿತ್ತು. ಮತ್ತೆ ಯಾವಾಗ ಶುರು ಮಾಡಬೇಕೆಂದು ಹೇಳುತ್ತಿದ್ದವಳು ಆಕೆ.